ಕಸಿಮೀರಾ ಎಂಬ ಮೊದಲ ಪ್ರೇಮ

“ಕಸಿಮೀರಾ ನನ್ನ ಮೊದಲ ಪ್ರೇಮ,” ಎಂದ ಡಾಕ್ಟರ್ ಕ್ರಿಸಾಂತೊ ಮರುಲಾಂಡ, ಕಿಟಕಿಯಾಚೆಯ ಮಾವಿನ ಮರವನ್ನು ನೋಡುತ್ತ. “ಆ ಗಾಯ ಇನ್ನೂ ಮಾಗಿಲ್ಲ. ನಿನಗೆ ಇದೆಲ್ಲ ಅರ್ಥ ಆಗೋದು ಕಷ್ಟ ಬಿಡಮ್ಮ.”

ತೊಮಾಸಾ ಬ್ರೂಗೆಸ್ ಅರ್ಥವಾಗದವಳ ಮುಖ ಮಾಡಿಕೊಂಡೇ ಕುಳಿತಿದ್ದಳು. ಆ ಮುಖ ಅವಳಿಗೆ ಬಹಳ ಸಲ ಕೆಲಸಕ್ಕೆ ಬಂದಿದೆ. ಮೂವತ್ತು ವರ್ಷದಿಂದ ಪೊಸೊ ಅಮಾರ್ಗೊ ಊರಿನ ರೇಡಿಯೊ, ಟೇಪು, ಈಗ ಈ ಬೆರಳುದ್ದದ ರೆಕಾರ್ಡರುಗಳನ್ನು ರಿಪೇರಿ ಮಾಡುತ್ತ ಬಂದವಳು ಅವಳು. ಜನ ಕೆಟ್ಟ ಯಂತ್ರದ ಜೊತೆಗೆ ಕೆಟ್ಟ ಸಂಸಾರವನ್ನೂ ಅವಳ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಕಳೆದದ್ದನ್ನು ಹುಡುಕಿಕೊಡುವವಳು ಎಂಬ ಹೆಸರು ಅವಳಿಗೆ ಬಂದದ್ದು ಹಾಗೆ.

ಡಾಕ್ಟರ್ ಎಂದರೆ ಸೂಜಿ ಚುಚ್ಚುವ ಡಾಕ್ಟರಲ್ಲ, ವಕೀಲ. ಇಸ್ತ್ರಿ ಅಂಗಿ ಹಾಕಿಕೊಂಡು ಕಾನೂನು ಓದಿದವನನ್ನು ಇಲ್ಲಿ ಡಾಕ್ಟರ್ ಎಂದೇ ಕರೆಯಬೇಕು. ಕರೆಯದಿದ್ದರೆ ಅವನಿಗೆ ಕಿವಿ ಕೇಳಿಸುವುದಿಲ್ಲ.

ಅಕಾರ್ಡಿಯನ್ ಹಬ್ಬದ ಹೊಸ ಹಾಡಿನ ಸ್ಪರ್ಧೆಗೆ ಎರಡು ಕಡೆಯಿಂದ ಒಂದೇ ಹಾಡು ಬಂದಿತ್ತು: ‘ಎರಡನೆಯ ಕುರ್ಚಿ’. ಒಂದು ಈ ಡಾಕ್ಟರನದು, ಇನ್ನೊಂದು ಓದು ಬರಹ ಬಾರದ ಲಾಸಿದೆಸ್ ಮಿಯೆಲೆಸನದು. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಸಮಿತಿಯ ತೀರ್ಪು. ಹಾಡು ಕದ್ದವನ ಹೆಸರನ್ನು ಸಂಜೆ ವೇದಿಕೆಯಿಂದ ಓದುತ್ತಾರೆ. ಅಲ್ಲಿಂದ ಮುಂದೆ ಸಾಯುವತನಕ ಅವನು ಆ ವೇದಿಕೆ ಹತ್ತುವಂತಿಲ್ಲ. ಮೂವತ್ತೊಂದು ವರ್ಷದಿಂದ ಪ್ರತಿ ಹಬ್ಬಕ್ಕೂ ಒಂದು ಹಾಡು ಕಟ್ಟಿ ತಂದು, ಒಮ್ಮೆಯೂ ಗೆಲ್ಲದೆ, ಒಮ್ಮೆಯೂ ಬೇಸರ ಮಾಡಿಕೊಳ್ಳದೆ ಮನೆಗೆ ಹೋಗಿದ್ದ ಲಾಸಿದೆಸನೇ ಆ ಕಳ್ಳ ಎಂದು ಸಮಿತಿ ಆಗಲೇ ಮುಕ್ಕಾಲು ಪಾಲು ತೀರ್ಮಾನಿಸಿಬಿಟ್ಟಿತ್ತು.

ಡಾಕ್ಟರನ ಕೋಣೆಯಲ್ಲಿ ಒಂದೇ ಬಣ್ಣದ ರಟ್ಟಿನ ಪುಸ್ತಕಗಳು ಗೋಡೆಯುದ್ದಕ್ಕೂ ನಿಂತಿದ್ದವು. ಒಂದರ ಬೆನ್ನೂ ಮಡಿಸಿರಲಿಲ್ಲ. ಅವುಗಳ ನಡುವೆ ಗಾಜಿನ ಚೌಕಟ್ಟಿನಲ್ಲಿ ಅವನದೇ ಕವಿತೆ, ಅವನದೇ ಫೋಟೊ. ಬಂದವಳಿಗೆ ಒಂದು ಲೋಟ ಕಾಫಿ ಎಂದು ಯಾರೂ ಕೇಳಿರಲಿಲ್ಲ. ಈ ಊರಲ್ಲಿ ಶವದ ಅಳತೆ ತೆಗೆದುಕೊಳ್ಳಲು ಬಂದ ಬಡಗಿಗೂ ಮೊದಲು ಕಾಫಿ ಕೊಡುತ್ತಾರೆ.

ತೀರ್ಪಿಗೆ ಮುಂಚೆ ಎರಡೂ ಕಡೆ ವಿಚಾರಿಸಿ ಬಾ ಎಂದು ಸಮಿತಿ ಕೊಟ್ಟಿದ್ದ ಹಾಳೆಯ ಮೇಲೆ ಅವಳು ಬೆರಳಿಟ್ಟಳು. ಎರಡನೆಯ ಚರಣ ಮುಗಿದು ಮೂರನೆಯದು ಶುರುವಾಗುವ ಜಾಗದಲ್ಲಿ ಟೈಪು ಮಾಡಿತ್ತು: “ಅಯ್ ಕಸಿಮೀರಾ, ಬಿಡೇ, ಬಿಡೇ ನನ್ನ!”

ಅದು ಕೂಗು. ಇಲ್ಲಿನ ಹಾಡುಗಳಲ್ಲಿ ಎರಡು ಚರಣಗಳ ನಡುವೆ, ಅಕಾರ್ಡಿಯನ್ ಉಸಿರು ತುಂಬಿಕೊಳ್ಳುವ ಹೊತ್ತಿಗೆ, ಹಾಡುಗಾರ ಯಾರದಾದರೂ ಹೆಸರು ಹಿಡಿದು ಕೂಗುತ್ತಾನೆ. ಗೆಳೆಯನ ಹೆಸರು, ಮನಸ್ಸು ಕೊಟ್ಟವಳ ಹೆಸರು, ಹಬ್ಬಕ್ಕೆ ದನ ಕೊಟ್ಟ ಧಣಿಯ ಹೆಸರು. ಕೂಗಿಲ್ಲದ ಹಾಡು ಉಪ್ಪಿಲ್ಲದ್ದು. ಸ್ಪರ್ಧೆಗೆ ಕೊಡುವ ಹಾಳೆಯಲ್ಲಿ ಕೂಗನ್ನೂ ಬರೆದು ಕೊಡಬೇಕು.

ಆದರೆ ಇದು ಸತ್ತುಹೋದ ಹೆಂಡತಿಯ ಹಾಡು. ಅದರ ನಡುವೆ ಇನ್ನೊಬ್ಬಳ ಹೆಸರು ಹಿಡಿದು ‘ಬಿಡೇ ನನ್ನ’ ಎನ್ನುವ ಗಂಡಸು ಮೂರ್ಖನಾಗಿರಬೇಕು, ಇಲ್ಲವೇ ಕಳ್ಳನಾಗಿರಬೇಕು. ಡಾಕ್ಟರನಲ್ಲಿ ಎರಡಕ್ಕೂ ಸಾಕಷ್ಟು ಜಾಗ ಕಾಣಿಸಿತು ತೊಮಾಸಾಳಿಗೆ.

ಆ ಹೆಂಗಸು ಯಾವ ಊರಿನವಳು, ಹೇಗಿದ್ದಳು ಎಂದು ಅವಳು ಮೆತ್ತಗೆ ಕೇಳಿದಳು. ಡಾಕ್ಟರನಿಗೆ ಅಷ್ಟು ಸಾಕಾಯಿತು. ನದಿಯಾಚೆಯ ಊರಿನ ಗಿಣ್ಣು ವ್ಯಾಪಾರಿಯ ಮಗಳು. ದೊಡ್ಡ ಕಣ್ಣು. ಉದ್ದನೆಯ ರೆಪ್ಪೆ. ಮೌನಿ. ಒಮ್ಮೆ ಹಟ ಹಿಡಿದರೆ ಯಾರು ಎಳೆದರೂ ಅಲ್ಲಾಡದ ಸ್ವಭಾವ. ಇಪ್ಪತ್ತನೆಯ ವಯಸ್ಸಿಗೆ ಜ್ವರದಲ್ಲಿ ತೀರಿಕೊಂಡಳು. ಸಾಯುವ ಹೊತ್ತಿನಲ್ಲೂ ಅವನ ಅಂಗಿಯ ಚುಂಗು ಹಿಡಿದಿದ್ದಳು. ‘ಬಿಡೇ ನನ್ನ’ ಎಂಬುದು ಆ ನೆನಪಿಗೆ ಹೇಳಿದ ಮಾತು.

“ಚೆನ್ನಾಗಿದೆ,” ಎಂದಳು ತೊಮಾಸಾ. “ನಂಗೆ ನೆನಪಿರಲ್ಲ ಡಾಕ್ಟ್ರೇ. ನೀವೇ ನಾಲ್ಕು ಸಾಲು ಬರೆದು ಸಹಿ ಹಾಕಿಕೊಟ್ರೆ ಸಮಿತಿಯ ಮೇಷ್ಟ್ರಿಗೆ ತೋರಿಸ್ತೀನಿ. ನಾನು ಹೇಳಿದ್ರೆ ಅವರು ನಂಬಬೇಕಲ್ಲ.”

ಅವನು ಬರೆದುಕೊಟ್ಟ. ನಾಲ್ಕು ಸಾಲು ಕೇಳಿದರೆ ಹದಿನಾಲ್ಕು ಸಾಲು, ಕೊನೆಗೆ ಹಬ್ಬಿದ ಬಳ್ಳಿಯಂಥ ಸಹಿ. ಬರೆಯುತ್ತಲೇ ಲಾಸಿದೆಸನ ವಿಷಯ ಎತ್ತಿದ. ಆ ಮುದುಕನಿಗೆ ತನ್ನ ಹೆಸರು ಬರೆಯಲು ಬಾರದು, ಕುರ್ಚಿ ಎಂಬ ಮಾತಿಗೆ ಎಷ್ಟು ಅಕ್ಷರ ಎಂದು ಕೇಳಿನೋಡಬೇಕು, ಇಂಥವನು ಕವಿಯಂತೆ.

“ಅವನ ರೆಕಾರ್ಡರ್ ಸಮಿತಿಯವರು ನೋಡಿದ್ರಲ್ಲ. ಅರವತ್ಮೂರು ಹಾಡು, ಎಲ್ಲದಕ್ಕೂ ಒಂದೇ ತಾರೀಕು, ಮಾರ್ಚ್ ಎರಡು. ದೇವರಿಗೇ ಲೋಕ ಮಾಡೋಕೆ ಆರು ದಿನ ಬೇಕಾಯ್ತು. ಈ ಕತ್ತೆ ಕಾಯೋನಿಗೆ ಒಂದು ದಿನ ಸಾಕಾಯ್ತಾ?”

ತೊಮಾಸಾ ಕಾಗದ ಮಡಿಸಿಕೊಂಡು ಎದ್ದಳು. ಆ ಮಾರ್ಚ್ ಎರಡನೆಯ ತಾರೀಕು ಅವಳ ಕೈಕೆಲಸ.

---

ಲಾಸಿದೆಸನ ಮನೆ ಊರಿನ ಕೊನೆಗೆ, ದನದ ಸಂತೆಯ ಬಯಲಿನ ಪಕ್ಕದಲ್ಲಿತ್ತು. ಬಾಗಿಲ ಎರಡೂ ಕಡೆಗೆ ತೊಗಲಿನ ಒಂದೊಂದು ಕುರ್ಚಿ. ಒಂದರಲ್ಲಿ ಅವನು ಕೂತಿದ್ದ. ಇನ್ನೊಂದರಲ್ಲಿ ಯಾರೂ ಕೂರುವುದಿಲ್ಲ ಎಂಬುದು ಇಡೀ ಬೀದಿಗೆ ಗೊತ್ತು. ತೊಮಾಸಾ ಹೊಸ್ತಿಲ ಮೇಲೆ ಕೂತಳು.

ಮಗಳು ನೆರೆಯ್ಡಾ ಒಳಗೆ ತೆಂಗಿನಕಾಯಿ ತುರಿಯುತ್ತಿದ್ದಳು. ಗಂಡ ಬಿಟ್ಟಮೇಲೆ ಹತ್ತು ವರ್ಷದಿಂದ ಅಪ್ಪನ ಜೊತೆಗೇ ಇದ್ದವಳು. ಬಂದವಳನ್ನು ಕಂಡ ಕೂಡಲೇ ಕಾಫಿ ತಂದಿಟ್ಟಳು, ಆದರೆ ಮುಖ ಎತ್ತಿ ಮಾತಾಡಲಿಲ್ಲ.

ಲಾಸಿದೆಸ್ ಜೇಬಿನಿಂದ ರೆಕಾರ್ಡರ್ ತೆಗೆದುಕೊಟ್ಟ. ಅದನ್ನು ಅವನು ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ, ಕೋಳಿಮರಿಗೆ ಚಳಿಯಾಗದಂತೆ ಸುತ್ತಿಟ್ಟ ಹಾಗೆ.

ಪರದೆಯ ಮೇಲಿನ ಅಕ್ಷರ ಅವನಿಗೆ ಓದಲು ಬಾರದು. ಎಣಿಕೆಯೇ ಅವನ ಲೆಕ್ಕ. ಮೊದಲಿಂದ ಬಲಕ್ಕೆ ಏಳು ಸಲ ಒತ್ತಿದರೆ ಮಗಳು ಹುಟ್ಟಿದ ಹಾಡು. ಇಪ್ಪತ್ತು ಸಲ ಒತ್ತಿದರೆ ಪಾದ್ರಿಯನ್ನು ಗೇಲಿ ಮಾಡಿದ ಹಾಡು. ನಲವತ್ತೊಂದು ಸಲ ಒತ್ತಿದರೆ ‘ಎರಡನೆಯ ಕುರ್ಚಿ’. ಒಂದು ಹಾಡು ಜಾಗ ಬದಲಾಯಿಸಿದರೂ ಅವನ ಇಡೀ ಬದುಕು ಕಲಸಿಹೋಗುತ್ತದೆ. ಮಾರ್ಚಿನಲ್ಲಿ ಹಳೆಯ ರೆಕಾರ್ಡರ್ ಮಾತು ನುಂಗತೊಡಗಿದಾಗ ಅವನು ತೊಮಾಸಾಳ ಅಂಗಡಿಗೆ ಬಂದು ಕೇಳಿದ್ದು ಅದೊಂದನ್ನೇ: ಹೊಸದಕ್ಕೆ ಹಾಕು ತಂಗಿ, ಆದರೆ ಸಾಲು ತಪ್ಪಿಸಬೇಡ.

ಅವಳು ಸಾಲು ತಪ್ಪಿಸಿರಲಿಲ್ಲ. ಹಳೆಯದರಿಂದ ಕಂಪ್ಯೂಟರಿಗೆ, ಅಲ್ಲಿಂದ ಹೊಸದಕ್ಕೆ, ಅರವತ್ಮೂರನ್ನೂ ಇದ್ದ ಕ್ರಮದಲ್ಲೇ ಹಾಕಿದ್ದಳು. ಎರಡು ವಿಷಯ ಮಾತ್ರ ಆಗ ಅವಳಿಗೆ ಹೊಳೆದಿರಲಿಲ್ಲ.

ಈ ಹೊಸ ಯಂತ್ರದಲ್ಲಿ ಎರಡು ಕೋಣೆ. ತಾನೇ ಕಿವಿಯಿಂದ ಕೇಳಿ ಹಿಡಿದದ್ದನ್ನು ಅದು ಒಂದರಲ್ಲಿ ಇಡುತ್ತದೆ. ಹೊರಗಿನಿಂದ ತಂದು ಸುರಿದದ್ದನ್ನು ‘ಸಂಗೀತ’ ಎಂಬ ಇನ್ನೊಂದರಲ್ಲಿ ಇಡುತ್ತದೆ. ಸಿನಿಮಾ ಹಾಡು, ಪೇಟೆಯ ಹಾಡು, ಕಂಡವರ ಹಾಡು ಎಲ್ಲ ಇರುವ ಕೋಣೆ ಅದು. ಲಾಸಿದೆಸನ ಅರವತ್ಮೂರು ಹಾಡೂ ಆ ಕೋಣೆಯಲ್ಲಿ ಕೂತಿದ್ದವು. ಮೇಲಿಂದ ಎಲ್ಲಕ್ಕೂ ಹಾಕಿದ ದಿನದ ತಾರೀಕೇ ಬಿದ್ದಿತ್ತು. ನೋಡಿದವರಿಗೆ ಅದು ಎಲ್ಲಿಂದಲೋ ಒಂದೇ ದಿನ ಬಾಚಿಕೊಂಡು ಬಂದ ಮಾಲು.

ಹಳೆಯ ಯಂತ್ರದಲ್ಲಾದರೂ ನಿಜವಾದ ತಾರೀಕು ಇತ್ತು. ಅದನ್ನು ಅವಳೇ ಪೂರ್ತಿ ಅಳಿಸಿ ಬಿಡಿಭಾಗಕ್ಕೆ ಬಿಚ್ಚಿದ್ದಳು. ಯಾರ ಹಾಡೂ ಬೀದಿ ಪಾಲಾಗಬಾರದು ಎಂದು ಅಂಗಡಿಯಲ್ಲಿ ಅವಳು ತಾನೇ ಮಾಡಿಕೊಂಡ ಕಟ್ಟುಪಾಡು.

“ನನ್ನ ಜಾಗ್ರತೆಯೇ ನಿಮ್ಮ ಕುತ್ತಿಗೆಗೆ ಬಂತು ಲಾಸಿದೆಸಣ್ಣ,” ಎಂದಳು.

ಅವನು ನಕ್ಕುಬಿಟ್ಟ. ಹಾಡು ಕಳ್ಳರ ಬಾಯಿಗೆ ಬೀಳುವಷ್ಟು ಚೆನ್ನಾಗಿದೆ ಎಂದು ಈಗ ಗೊತ್ತಾಯಿತಲ್ಲ, ಮೂವತ್ತೊಂದು ವರ್ಷ ಸಮಿತಿಯವರು ಅಷ್ಟನ್ನೂ ಹೇಳಿರಲಿಲ್ಲ ಎಂದ. ಆಮೇಲೆ ನಗು ನಿಂತಿತು. ತಾನು ಗೆಲ್ಲದಿದ್ದರೆ ಏನೂ ಇಲ್ಲ. ಆದರೆ ಕಳ್ಳ ಎಂದು ಮೈಕಿನಲ್ಲಿ ಓದಿದರೆ ಆ ಕುರ್ಚಿಯ ಎದುರು ಹೇಗೆ ಕೂರುವುದು ಎಂದು ಕೇಳಿದ.

ಇಯರ್‌ಫೋನ್ ಹಾಕಿಕೊಂಡು ಬಲಕ್ಕೆ ನಲವತ್ತೊಂದು ಸಲ ಒತ್ತಿದಳು. ನಕಲು ಮಾಡುವಾಗ ಯಾವ ಹಾಡನ್ನೂ ಕೇಳಬೇಕಾಗಿ ಬರುವುದಿಲ್ಲ, ಹಾಗಾಗಿ ಅವಳು ಅದನ್ನು ಕೇಳುತ್ತಿದ್ದುದು ಅದೇ ಮೊದಲು. ಅಕಾರ್ಡಿಯನ್ ಇಲ್ಲ. ಮೇಜಿನ ಮೇಲೆ ಬೆರಳ ಗೆಣ್ಣಿನ ತಾಳ, ಮುದುಕನ ಒಡಕು ದನಿ.

*ಬಾಗಿಲ ಬಳಿ ಎರಡು ಕುರ್ಚಿ,*
*ಒಂದರಲ್ಲಿ ನಾನು, ಒಂದರಲ್ಲಿ ಗಾಳಿ...*

ಎರಡನೆಯ ಚರಣ ಮುಗಿಯಿತು. ಉಸಿರು. ಏನೋ ಪರಚಿದ ಸದ್ದು, ಮೂಗಿನಿಂದ ಬಿಟ್ಟ ಬಿಸಿ ಗಾಳಿ. ಅದರ ಹಿಂದೆಯೇ ಲಾಸಿದೆಸನ ದನಿ, ಸಿಟ್ಟು ಮುದ್ದು ಎರಡೂ ಬೆರೆತು: “ಅಯ್ ಕಸಿಮೀರಾ, ಬಿಡೇ, ಬಿಡೇ ನನ್ನ!”

ತೊಮಾಸಾ ಇಯರ್‌ಫೋನ್ ತೆಗೆದಳು. “ಕಸಿಮೀರಾ ಯಾರು ಲಾಸಿದೆಸಣ್ಣ?”

ಅವನು ತಲೆ ತಿರುಗಿಸಿ ಹಿತ್ತಲ ಕಡೆಗೆ ಒಂದು ಸಲ ಸಿಳ್ಳೆ ಹಾಕಿದ. ಹಿಂಬಾಗಿಲಿನಿಂದ ಬೂದು ಬಣ್ಣದ ಒಂದು ಕತ್ತೆ ತಲೆ ಒಳಗೆ ಹಾಕಿತು. ದೊಡ್ಡ ಕಣ್ಣು. ಉದ್ದನೆಯ ರೆಪ್ಪೆ. ಹಾಡುವ ದಿನ ಜೇಬಿನಲ್ಲಿ ಬೆಲ್ಲದ ಚೂರಿತ್ತಂತೆ. ಅದಕ್ಕಾಗಿ ಅಂಗಿಯ ಚುಂಗು ಹಿಡಿದು ಎಳೆಯುತ್ತಿತ್ತಂತೆ.

ತೊಮಾಸಾ ಆ ಬೆಳಗ್ಗೆ ಮೊದಲ ಬಾರಿಗೆ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಾನೂನು ಓದಿದವನು, ಕವಿ, ಗಾಜಿನ ಚೌಕಟ್ಟಿನೊಳಗಿನ ಮಹಾಶಯ, ಕತ್ತೆಯನ್ನು ಗದರಿಸಿದ ಮಾತನ್ನು ಕೂಗು ಎಂದುಕೊಂಡು ಟೈಪು ಮಾಡಿಸಿದ್ದ. ಪರವೂರಿನವನಾಗಿದ್ದರೆ ಇದ್ಯಾವುದೋ ಗದ್ದಲ ಎಂದು ಬಿಟ್ಟುಬಿಡುತ್ತಿದ್ದ. ಕೂಗು ಕೇಳಿಯೇ ಬೆಳೆದ ಕಿವಿಗೆ ಮಾತ್ರ ಹೀಗೆ ಎಡವಲು ಸಾಧ್ಯ.

ಹಾಗಾದರೆ ಸ್ಪರ್ಧೆಗೆ ಕೊಟ್ಟ ಹಾಳೆಯಲ್ಲಿ ಈ ಕೂಗಿತ್ತೇ ಎಂದು ಅವಳು ಕೇಳಿದಳು. ಲಾಸಿದೆಸನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಚರ್ಚಿನ ಗುಮಾಸ್ತನ ಎದುರು ಕೂತು ಚರಣಗಳನ್ನು ಹೇಳಿ ಬರೆಸಿದ್ದ. ಕತ್ತೆಯನ್ನು ಬೈದದ್ದನ್ನು ಯಾರಾದರೂ ಬರೆಸುತ್ತಾರೆಯೇ? ಯಂತ್ರದಲ್ಲಿರುವುದನ್ನು ಯಾರಿಗಾದರೂ ಕೇಳಿಸಿದ್ದಿದೆಯೇ? ಇಲ್ಲ. ಅದು ಅವಳಿಗೆ ಹಾಡಿದ್ದು ಎಂದು ಖಾಲಿ ಕುರ್ಚಿಯ ಕಡೆ ಗಲ್ಲ ತೋರಿಸಿದ.

ಅಂದರೆ ಆ ಮಾತು ಇದ್ದದ್ದು ಇಡೀ ಲೋಕದಲ್ಲಿ ಒಂದೇ ಕಡೆ, ಈ ರೆಕಾರ್ಡಿಂಗಿನಲ್ಲಿ. ಡಾಕ್ಟರ್ ಹಾಡು ಕಲಿತದ್ದು ಇದನ್ನು ಕೇಳಿಯೇ.

ಒಳಗೆ ತುರಿಯುವ ಸದ್ದು ನಿಂತಿತ್ತು. ನೆರೆಯ್ಡಾ ಬಾಗಿಲಿಗೆ ಬಂದು ನಿಂತಿದ್ದಳು.

“ಬಿಟ್ಬಿಡಿ ತೊಮಾಸಕ್ಕ. ಅಂಥೋರ ಜೊತೆ ನಮಗ್ಯಾಕೆ ಜಗಳ? ಅಪ್ಪ ಮನೇಲಿ ಹಾಡ್ಕೋತಾರೆ, ಸಾಕು.”

“ಮನೇಲಿ ಹಾಡೋಕೂ ಹೆಸರು ಉಳೀಬೇಕಲ್ಲವ್ವ,” ಎಂದ ಲಾಸಿದೆಸ್. ಟೋಪಿ ಹಾಕಿಕೊಂಡು ಎದ್ದ.

ಮಗಳ ಕೈಯಲ್ಲಿದ್ದ ಕಾಯಿಯ ಹೋಳಿನಲ್ಲಿ ಬಿಳಿ ಎಂಬುದೇ ಉಳಿದಿರಲಿಲ್ಲ. ಬರೀ ಚಿಪ್ಪನ್ನು ತುರಿದಿದ್ದಳು. ತೊಮಾಸಾ ಅದನ್ನು ನೋಡಿದಳು, ಪಾಪ, ಅಪ್ಪನ ಚಿಂತೆ ಎಂದುಕೊಂಡಳು.

---

ಸಮಿತಿ ಸೇರುವುದು ಹಳೆಯ ಹತ್ತಿ ಗೋದಾಮಿನಲ್ಲಿ. ಉದ್ದ ಮೇಜಿನ ನಡುವೆ ಹೂವೆನಾಲ್ ಮೇಷ್ಟರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ಇನ್ನರ್ಧಕ್ಕೆ ಕಲಿಸಲಾಗಲಿಲ್ಲ ಎಂದು ಇನ್ನೂ ಕೊರಗುವವರು. ಅವರ ಎಡಬಲಕ್ಕೆ ಕೂತ ಇಬ್ಬರು ಸದಸ್ಯರು ಹಬ್ಬದ ಊಟಕ್ಕೆಂದೇ ಸಮಿತಿ ಸೇರಿದವರು. ಮೇಷ್ಟರು ತಲೆಯಾಡಿಸಿದಾಗ ತಾವೂ ಆಡಿಸುತ್ತಿದ್ದರು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಲಾಸಿದೆಸ್ ಬೆಂಚಿನ ಮೇಲೆ, ಅವನ ಬೆನ್ನಿಗೆ ನೆರೆಯ್ಡಾ. ಡಾಕ್ಟರ್ ಮಾತ್ರ ಕುರ್ಚಿ ತರಿಸಿಕೊಂಡು, ಅದರ ಮೇಲೆ ಕರವಸ್ತ್ರ ಹಾಸಿ ಕೂತಿದ್ದ. ಈ ಊರಿನ ಧೂಳು ತನಗೆ ಸಂಬಂಧಿಸಿದ್ದಲ್ಲ ಎಂಬಂತೆ.

ತೊಮಾಸಾ ಮೊದಲು ತನ್ನ ತಪ್ಪನ್ನು ಹೇಳಿಕೊಂಡಳು. ಎರಡು ಕೋಣೆಯ ವಿಷಯ, ತಾರೀಕಿನ ವಿಷಯ, ಅಳಿಸಿದ ಹಳೆಯ ಯಂತ್ರದ ವಿಷಯ. ಮೇಷ್ಟರು ತಾಳ್ಮೆಯಿಂದ ಕೇಳಿದರು. ಕೇಳಿ, ಇದಕ್ಕೆ ನಿನ್ನ ಮಾತು ಬಿಟ್ಟರೆ ಬೇರೆ ಸಾಕ್ಷಿ ಏನಿದೆ ಎಂದರು. ಅವಳು ಏನೂ ಇಲ್ಲ ಎಂದಳು. ಡಾಕ್ಟರ್ ಚಾವಣಿ ನೋಡಿ ನಿಟ್ಟುಸಿರು ಬಿಟ್ಟ. ರಿಪೇರಿ ಅಂಗಡಿಯವರ ಜಾಣತನಕ್ಕೆ ಸಮಿತಿಯ ಹೊತ್ತು ಹಾಳಾಗುತ್ತಿದೆ ಎಂದು ಮೇಜಿಗೆ ಕೇಳುವಷ್ಟೇ ಮೆತ್ತಗೆ ಅಂದ.

“ಒಂದೇ ಒಂದು ಕೇಳಿಕೆ ಮೇಷ್ಟ್ರೇ,” ಎಂದಳು ತೊಮಾಸಾ. “ಡಾಕ್ಟ್ರು ಒಂದ್ಸಲ ಹಾಡಲಿ. ಅವರ ಹಾಳೇಲಿ ಇರೋ ಹಾಗೆ.”

ಡಾಕ್ಟರನಿಗೆ ಎರಡನೆಯ ಸಲ ಹೇಳಿಸಿಕೊಳ್ಳುವ ಅಭ್ಯಾಸವಿರಲಿಲ್ಲ. ಎದ್ದು ನಿಂತು ಹಾಡಿದ. ದನಿ ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಹಳೆಯ ಹಿತ್ತಾಳೆಗೆ ಹೊಳಪು ಕೊಟ್ಟ ಹಾಗಿತ್ತು. ಎರಡನೆಯ ಚರಣ ಮುಗಿಯುತ್ತಿದ್ದಂತೆ ಬಲಗೈ ಎದೆಯ ಮೇಲೆ ಹೋಯಿತು, ಕಣ್ಣು ಮುಚ್ಚಿತು.

“ಅಯ್ ಕಸಿಮೀರಾ, ಬಿಡೇ, ಬಿಡೇ ನನ್ನ!”

ಇಬ್ಬರು ಸದಸ್ಯರಲ್ಲಿ ಒಬ್ಬ ಮೂಗು ಒರೆಸಿಕೊಂಡ.

ತೊಮಾಸಾ ಬೆಳಗ್ಗೆ ಬರೆಸಿಕೊಂಡ ಕಾಗದವನ್ನು ಮೇಷ್ಟರ ಮುಂದಿಟ್ಟು ಗಟ್ಟಿಯಾಗಿ ಓದಲು ಕೇಳಿಕೊಂಡಳು. ಅವರು ಪಾಠ ಓದುವ ದನಿಯಲ್ಲಿ ಓದಿದರು. ದೊಡ್ಡ ಕಣ್ಣು, ಉದ್ದ ರೆಪ್ಪೆ, ಮೌನಿ, ಹಟ, ಅಂಗಿಯ ಚುಂಗು. ಸಹಿ ನಿಮ್ಮದೇ ತಾನೇ ಎಂದು ಕೇಳಿದರು. ಡಾಕ್ಟರ್ ತಲೆ ಬಾಗಿಸಿದ.

ಆಗ ಅವಳು ರೆಕಾರ್ಡರನ್ನು ಮೇಜಿನ ಮೇಲಿನ ಸಣ್ಣ ಸ್ಪೀಕರಿಗೆ ಸಿಕ್ಕಿಸಿ ಬಲಕ್ಕೆ ಒತ್ತತೊಡಗಿದಳು. ನಲವತ್ತೊಂದು ಸಲ ಒತ್ತುವುದು ಬಹಳ ದೊಡ್ಡ ಹೊತ್ತು. ಬೆಂಚಿನ ಮೇಲೆ ಲಾಸಿದೆಸನ ತುಟಿಯೂ ಜೊತೆಗೆ ಎಣಿಸುತ್ತಿತ್ತು.

ಹಾಡು ಬಂತು. ಬೆರಳ ಗೆಣ್ಣಿನ ತಾಳ. ಮೊದಲ ಚರಣ, ಎರಡನೆಯ ಚರಣ. ಉಸಿರು. ಪರಚುವ ಸದ್ದು. ಬಿಸಿ ಗಾಳಿ. ಕಸಿಮೀರಾ, ಬಿಡೇ. ಅದರ ಬೆನ್ನಿಗೇ, ಬೆಳಗ್ಗೆ ತೊಮಾಸಾ ಇಯರ್‌ಫೋನ್ ತೆಗೆದುಬಿಟ್ಟಿದ್ದರಿಂದ ಅವಳೂ ಕೇಳಿರದ ಸದ್ದು: ಇಡೀ ಗೋದಾಮು ತುಂಬುವಂತೆ, ಬೆಲ್ಲ ಸಿಗದ ಕತ್ತೆಯ ಅರಚು. ಡಾಕ್ಟರ್ ಅದನ್ನು ಪಕ್ಕದ ದನದ ಸಂತೆಯ ಗದ್ದಲ ಎಂದುಕೊಂಡಿರಬೇಕು.

ಮೇಷ್ಟರು ಕನ್ನಡಕ ತೆಗೆದರು. “ಲಾಸಿದೆಸ್, ಕಸಿಮೀರಾ ಅಂದ್ರೆ?”

“ನಮ್ಮ ಕತ್ತೆ ಮೇಷ್ಟ್ರೇ. ಹೋದ ವರ್ಷ ನಿಮ್ಮನೆಗೆ ಮರಳು ಹೊತ್ತು ತಂದಿತ್ತಲ್ಲ, ಅದೇ.”

ಮೊದಲು ನಕ್ಕದ್ದು ಮೂಗು ಒರೆಸಿಕೊಂಡ ಸದಸ್ಯ. ಆಮೇಲೆ ಬಾಗಿಲಲ್ಲಿ ಇಣುಕುತ್ತಿದ್ದ ಬ್ಯಾಂಡಿನವರು. ನಗು ಗೋದಾಮಿನಿಂದ ಬೀದಿಗೆ ದಾಟಿತು, ಬೀದಿಯಲ್ಲಿ ಯಾರೋ ಏನಂತೆ ಎಂದು ಕೇಳಿದರು, ಯಾರೋ ಡಾಕ್ಟರ ಮೊದಲ ಪ್ರೇಮವಂತೆ ಎಂದರು. ತೊಮಾಸಾ ನಗಲಿಲ್ಲ. ಅವಳು ಡಾಕ್ಟರನ ಮುಖ ನೋಡುತ್ತಿದ್ದಳು.

ಅದು ಕೆಂಪಾಗಿ, ಬೆಳ್ಳಗಾಗಿ, ಆಮೇಲೆ ತಣ್ಣಗಾಯಿತು. ಅವಳಿಗೆ ಆ ತಣ್ಣಗಾದದ್ದು ಹಿಡಿಸಲಿಲ್ಲ.

“ನಕ್ಕು ಮುಗೀತಾ?” ಎಂದ ಡಾಕ್ಟರ್. ಕುರ್ಚಿಯ ಮೇಲಿನ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, ಧೂಳಿನ ಕುರ್ಚಿಯ ಮೇಲೇ ಕೂತ. “ಸರಿ. ಹಾಡು ಈ ಮುದುಕನದು. ಒಪ್ಪಿದೆ. ಆದ್ರೆ ನಾನು ಕದ್ದಿಲ್ಲ. ಅವನ ಮನೆಯವರೇ ಕೊಟ್ರು, ನಾನು ತಗೊಂಡೆ. ಮೇಷ್ಟ್ರೇ, ನಿಮ್ಮ ನಿಯಮದ ಪುಸ್ತಕದಲ್ಲಿ ಒಂಬತ್ತನೇದು ಓದಿ.”

ಮೇಷ್ಟರಿಗೆ ಓದಬೇಕಾಗಿರಲಿಲ್ಲ. ಬರೆದವರೇ ಅವರು. ತನ್ನ ಹಾಡನ್ನು ಇನ್ನೊಬ್ಬನ ಹೆಸರಿನಲ್ಲಿ ಹಾಡಲು ಕೊಟ್ಟವನೂ, ಹಾಗೆ ತೆಗೆದುಕೊಂಡವನೂ ಒಂದೇ. ಇಬ್ಬರ ಹೆಸರನ್ನೂ ವೇದಿಕೆಯಿಂದ ಓದಬೇಕು. ಇಬ್ಬರೂ ಶಾಶ್ವತವಾಗಿ ಹೊರಗೆ.

“ನಾನು ಹೋಗೋದು ಹೋಗ್ತೀನಿ,” ಎಂದ ಡಾಕ್ಟರ್. “ನಂಗೆ ಈ ಊರಲ್ಲದೆ ಬೇರೆ ಊರಿಲ್ವಾ? ಇವನನ್ನ ಕರ್ಕೊಂಡೇ ಹೋಗ್ತೀನಿ.”

ನನ್ನ ಹಾಡನ್ನು ನಾನು ಯಾರ ಹೆಸರಿಗೂ ಕೊಟ್ಟಿಲ್ಲ ಎಂದ ಲಾಸಿದೆಸ್. ದನಿ ಏರಿಸಲಿಲ್ಲ. ಡಾಕ್ಟರ್ ಅವನ ಕಡೆಗೆ ತಿರುಗಿಯೂ ನೋಡದೆ, ಚರ್ಮದ ಚೀಲದಿಂದ ಉಗುರಿನಷ್ಟಗಲದ ಮೆಮೊರಿ ಕಾರ್ಡ್ ತೆಗೆದು ಮೇಜಿನ ಮೇಲೆ, ತೊಮಾಸಾಳ ಎದುರಿಗೇ ಇಟ್ಟ.

“ಇದು ನಿನ್ನ ಅಂಗಡೀದು ತಾನೇ? ನೋಡಿ ಹೇಳು. ನೀನು ಸುಳ್ಳು ಹೇಳೋದಿಲ್ವಂತಲ್ಲ, ಊರೆಲ್ಲ ಹೇಳುತ್ತೆ.”

ಅವಳು ಕಾರ್ಡಿನ ಮೇಲೆ ಬಾಗಿ ನೋಡಿದಳು. ಮೂಲೆಯಲ್ಲಿ ಹಸಿರು ಉಗುರುಬಣ್ಣದ ಎರಡು ಚುಕ್ಕೆ.

ಪೆನ್ನಿನ ಗುರುತು ಬೆವರಿಗೆ ಅಳಿದುಹೋಗುತ್ತದೆಂದು ಅವಳು ಎಲ್ಲ ಕಾರ್ಡಿಗೂ ಉಗುರುಬಣ್ಣವನ್ನೇ ಹಚ್ಚುತ್ತಾಳೆ. ಒಂದೊಂದು ಮನೆಗೆ ಒಂದೊಂದು ಬಣ್ಣ. ಮಿಯೆಲೆಸ್ ಮನೆಗೆ ಹಸಿರು. ಒಂದು ಚುಕ್ಕೆ ಎಂದರೆ ಮೊದಲ ನಕಲು, ಅದು ಲಾಸಿದೆಸನ ರೆಕಾರ್ಡರಿನ ಒಳಗೇ ಇದೆ. ಎರಡು ಚುಕ್ಕೆ ಎಂದರೆ ಎರಡನೆಯದು. ಹಸಿರಿನಲ್ಲಿ ಎರಡು ಚುಕ್ಕೆ ಹಾಕಿದ್ದು ಅವಳು ಒಂದೇ ಸಲ, ಮಾರ್ಚ್ ಐದಕ್ಕೋ ಆರಕ್ಕೋ. ಮರಕಾಯ್ಬೊದಲ್ಲಿರುವ ಚಿಕ್ಕಮ್ಮ ಅಪ್ಪನ ದನಿ ಕೇಳಬೇಕೆನ್ನುತ್ತಾಳೆ ಎಂದು ಬಂದಿದ್ದಳು ನೆರೆಯ್ಡಾ. ಬರುವಾಗ ಒಂದು ಬಟ್ಟಲು ತೆಂಗಿನ ಮಿಠಾಯಿ ತಂದಿದ್ದಳು.

ಬೆಂಚಿನ ಕಡೆ ನೋಡುವ ಧೈರ್ಯವಾಗಲಿಲ್ಲ ತೊಮಾಸಾಳಿಗೆ. ನೋಡದೆಯೂ ಕಾಣುತ್ತಿತ್ತು: ಅಪ್ಪನ ಬೆನ್ನ ಹಿಂದೆ ತಲೆ ತಗ್ಗಿಸಿದ ಮಗಳು, ಬರೀ ಚಿಪ್ಪು ತುರಿದ ಕೈ.

ಅವಳ ಲೆಕ್ಕ ಬೇಗ ಓಡಿತು. ಮುದುಕ ಕೊಟ್ಟಿಲ್ಲ ಎಂದು ಸಾಧಿಸಬೇಕಾದರೆ ಕೊಟ್ಟವರು ಯಾರು ಎಂದು ಹೇಳಬೇಕು. ಹೇಳಿದರೆ ಹೆಸರು ಉಳಿಯುತ್ತದೆ, ಮಗಳು ಹೋಗುತ್ತಾಳೆ. ಹೇಳದಿದ್ದರೆ ಹೆಸರು ಹೋಗುತ್ತದೆ. ಮೂರನೆಯ ದಾರಿ ಒಂದಿತ್ತು: ಕಾರ್ಡು ನನ್ನ ಅಂಗಡಿಯಿಂದಲೇ ಕಳುವಾಯಿತು ಎನ್ನುವುದು. ಮೂವತ್ತು ವರ್ಷದ ನಂಬಿಕೆ ಒಂದು ಮಾತಿನಲ್ಲಿ ತೊಳೆದುಹೋಗುತ್ತದೆ. ನಾಳೆಯಿಂದ ಯಾರೂ ಒಂದು ಹಾಡನ್ನೂ ಅವಳ ಕೈಗೆ ಕೊಡುವುದಿಲ್ಲ. ಆದರೂ ಆ ತಪ್ಪಿನಲ್ಲಿ ತನ್ನದೂ ಒಂದು ಪಾಲಿತ್ತಲ್ಲ ಎನ್ನಿಸಿತು ಅವಳಿಗೆ.

“ತಂಗಿ,” ಎಂದ ಲಾಸಿದೆಸ್, “ಅದನ್ನ ಮಾಡಿದ್ದು ನೀನೇ ಆದ್ರೆ ಯಾರಿಗೆ ಕೊಟ್ಟೆ ಹೇಳಿಬಿಡು. ನಂಗೇನೂ ಭಯವಿಲ್ಲ.”

ಮೇಷ್ಟರು ಪೆನ್ನಿನ ಮುಚ್ಚಳ ತೆಗೆದರು.

“ಇದು ನನ್ನ ಅಂಗಡಿಯಿಂದ...” ಎಂದು ಶುರು ಮಾಡಿದಳು ತೊಮಾಸಾ.

“ಅಪ್ಪ ಕೊಟ್ಟದ್ದು.”

ನೆರೆಯ್ಡಾ ಎದ್ದು ನಿಂತಿದ್ದಳು. ಎರಡೂ ಕೈ ಬೆಂಚಿನ ಬೆನ್ನನ್ನು ಹಿಡಿದಿದ್ದವು. ಮಾತು ಮಾತ್ರ ನೇರವಾಗಿತ್ತು, ಬಹಳ ದಿನದಿಂದ ಒಳಗೇ ಹೇಳಿ ಹೇಳಿ ರೂಢಿಯಾದ ಹಾಗೆ.

“ಅಪ್ಪನೇ ಕೊಟ್ಟದ್ದು. ನನ್ನ ಕೈಯಲ್ಲೇ ಡಾಕ್ಟ್ರ ಮನೆಗೆ ಕಳಿಸಿದ್ದು. ತೊಮಾಸಕ್ಕಂಗೆ ಏನೂ ಗೊತ್ತಿಲ್ಲ.”

ಡಾಕ್ಟರ್ ಕಾಲ ಮೇಲೆ ಕಾಲು ಹಾಕಿಕೊಂಡ. ತಾತ್ಸಾರದ ಒಂದು ಕಿರುನಗೆ ಬಾಯಿಯ ಮೂಲೆಗೆ ಬಂತು.

ತೊಮಾಸಾ ಲಾಸಿದೆಸನನ್ನು ನೋಡಿದಳು. ಅವನು ಈಗ ಇಲ್ಲ ಎನ್ನಬೇಕಿತ್ತು. ಸುಳ್ಳು ಎಂದು ಎದ್ದು ನಿಲ್ಲಬೇಕಿತ್ತು. ಅವನು ಮಗಳ ಕಡೆ ತಿರುಗಿ ನೋಡಿದ, ಚಿಕ್ಕಂದಿನಲ್ಲಿ ಜ್ವರ ಬಂದಾಗ ನೋಡುತ್ತಿದ್ದ ಹಾಗೆ. ಆಮೇಲೆ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

“ಬರ್ಕೊಳ್ಳಿ ಮೇಷ್ಟ್ರೇ,” ಎಂದ. “ಆದ್ರೆ ಅವಳು ಹೇಳಿದ್ರಲ್ಲಿ ಅರ್ಧ ಮಾತ್ರ ಬರ್ಕೊಳ್ಳಿ.”

“ಯಾವ ಅರ್ಧ ಲಾಸಿದೆಸ್?”

“ಕೊಟ್ಟದ್ದು ನಾನೇ. ಹಾಡಿಗೋಸ್ಕರ ಅಲ್ಲ. ಅದರಲ್ಲಿ ಅರವತ್ಮೂರಲ್ಲ, ಅರವತ್ನಾಲ್ಕಿದೆ. ಕೊನೇದು ಹಾಡಲ್ಲ, ಬರೆಯೋಕೆ ಬಾರದ ನಾನು ವಕೀಲ್ರಿಗೆ ಅಂತ ಆಮೇಲೆ ಹೇಳಿ ಸೇರಿಸಿದ ಮಾತು.”

ಡಾಕ್ಟರನ ಕಿರುನಗೆ ಅಲ್ಲೇ ಒಣಗಿತು. ಅವನ ಕೈ ಮೇಜಿನ ಮೇಲೆ ಕಾರ್ಡಿನ ಕಡೆಗೆ ಚಾಚಿತು.

ತೊಮಾಸಾಳ ಅಂಗೈ ಆಗಲೇ ಅದನ್ನು ಮುಚ್ಚಿತ್ತು.